ತಿತಿಕ್ಷೆ ಮತ್ತು ಸೈಕಲ್ಲು

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ನೆಯ ತಾರೀಖಿನ ಮಾತು. ಅದಾಗಿ ನಾಲ್ಕು ವರ್ಷಕ್ಕೆ, 1888ರ ಜನವರಿ 21ರಂದು, ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳಲ್ಲಿ ಉಷ್ಣಾಂಶ ಮೈನಸ್ 41 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿತ್ತು. ಸೆಲ್ಸಿಯಸ್ಸಿನಲ್ಲಿ ಎಷ್ಟಾಯಿತು ಎಂದು ಓದುಗರು ಕೂಡಿ ಕಳೆಯುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಮೈನಸ್ 40ರ ಹತ್ತಿರ ಎರಡು ಮಾನಗಳೂ ಒಂದೇ ಆಗಿಬಿಡುತ್ತವೆ. 'ಪಾದರಸ ಇಳಿಯಿತು' ಎಂಬ ನಮ್ಮ ಪತ್ರಿಕೆಗಳ ಮಾತು ಕೂಡ ಅಲ್ಲಿ ನಡೆಯುವುದಿಲ್ಲ. ಮೈನಸ್ 39ರ ಸುಮಾರಿಗೆ ಪಾದರಸವೇ ಹೆಪ್ಪುಗಟ್ಟಿ ಕೂತುಬಿಡುತ್ತದೆ.

ನಾನು ಹುಟ್ಟಿ ಬೆಳೆದದ್ದು ಮೊದಲು ಹೇಳಿದ ಊರಿಗೆ ಹತ್ತಿರದ ತುಮಕೂರು ಸೀಮೆಯಲ್ಲಿ. ಅನ್ನದ ಋಣ ಬಿದ್ದದ್ದು ಎರಡನೆಯ ಊರಿನಲ್ಲಿ. ಮಿನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳ ಸರಾಸರಿಯೇ ಮೈನಸ್ 9 ಡಿಗ್ರಿಯ ಆಸುಪಾಸು. ಸರಾಸರಿ ಎಂದರೆ, ಹಗಲು ರಾತ್ರಿ ಎಲ್ಲ ಸೇರಿ. ಬೆಳಿಗ್ಗೆ ಏಳಕ್ಕೆ ಮೈನಸ್ 20 ಇದ್ದರೆ ಯಾರೂ ಅದನ್ನೊಂದು ಸುದ್ದಿ ಎಂದು ಹೇಳುವುದಿಲ್ಲ. ಮನೆಯಿಂದ ನನ್ನ ಕೆಲಸದ ಜಾಗಕ್ಕೆ ಏಳು ಕಿಲೋಮೀಟರು. ಹತ್ತು ವರ್ಷಗಳಿಂದ, ಚಳಿಗಾಲವೂ ಸೇರಿ, ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ.

ಈ ಸಂಗತಿ ತಿಳಿದವರು ಎರಡು ಬಗೆಯಾಗಿ ಮಾತನಾಡುತ್ತಾರೆ. ನನ್ನ ಜೊತೆ ಕೆಲಸ ಮಾಡುವವರು ಲಿಫ್ಟಿನಲ್ಲಿ ನನ್ನ ಗಡ್ಡದ ಮೇಲಿನ ಮಂಜುಗಡ್ಡೆ ನೋಡಿ, "ಎಂಥ ಧೈರ್ಯ, ಎಂಥ ಮನಸ್ಸು ನಿಮ್ಮದು!" ಎನ್ನುತ್ತಾರೆ. ಊರಿನಿಂದ ಫೋನಿನಲ್ಲಿ ನನ್ನ ತಾಯಿ, "ಯಾಕಪ್ಪಾ, ಆ ಊರಲ್ಲಿ ಬಸ್ಸಿಲ್ವಾ?" ಎನ್ನುತ್ತಾರೆ. ಬಹಳ ಕಾಲ ನಾನು ಮೊದಲ ಮಾತಿಗೆ ಬೀಗುತ್ತಲೂ ಎರಡನೆಯದಕ್ಕೆ ನಗುತ್ತಲೂ ಬಂದೆ. ಈಗೀಗ ಅನ್ನಿಸುತ್ತದೆ: ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದು ನನ್ನ ತಾಯಿಯೇ. ಬೇರೆ ದಾರಿ ಇದ್ದೂ ಕಷ್ಟಪಡುವವನದು, ಬೇರೆ ದಾರಿ ಇಲ್ಲದೆ ಕಷ್ಟಪಡುವವನದು ಒಂದೇ ಗುಣವೆ? ಹೊಗಳಿಕೆ ಯಾರಿಗೆ ಸಲ್ಲಬೇಕು? ಅಥವಾ ಹೊಗಳುವುದೇ ಒಂದು ನುಣುಚಿಕೊಳ್ಳುವ ಉಪಾಯವೆ?

ಅದಕ್ಕೆ ಹೋಗುವ ಮುಂಚೆ ಈ ಚಳಿಯ ಸವಾರಿ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ಹೊರಗಿನಿಂದ ಕಾಣುವಷ್ಟು ಘನಕಾರ್ಯ ಅದಲ್ಲ. ಸೈಕಲ್ಲು ತುಳಿಯುವ ದೇಹ ಒಂದು ಒಲೆ ಇದ್ದ ಹಾಗೆ. ನಾವು ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಚಕ್ರವನ್ನು ತಿರುಗಿಸುತ್ತದೆ. ಮಿಕ್ಕ ಮುಕ್ಕಾಲು ಭಾಗ ಬರೀ ಶಾಖವಾಗುತ್ತದೆ. ಆದ್ದರಿಂದ ಇಲ್ಲಿ ನಿಜವಾದ ಶತ್ರು ಬೆವರು. ಬೆವರಿದ ಬಟ್ಟೆ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಸಾಕು, ಮೈಗೆ ಅಂಟಿದ ತಣ್ಣನೆಯ ತಗಡಾಗುತ್ತದೆ. ನಮ್ಮ ಪ್ರೀತಿಯ ಹತ್ತಿಗೆ ಈ ಊರಿನಲ್ಲಿ ಮರ್ಯಾದೆಯಿಲ್ಲ. ಅದು ಬೆವರನ್ನು ಕುಡಿದು ಬಿಡುವುದೇ ಇಲ್ಲ. ಉಣ್ಣೆಯೇ ದೇವರು. ಇಲ್ಲಿಯ ಸೈಕಲ್ ಅಂಗಡಿಯ ಮೆಕ್ಯಾನಿಕ್ ಒಬ್ಬರು ಮೊದಲ ವರ್ಷವೇ ನನಗೆ ಒಂದು ಸೂತ್ರ ಹೇಳಿಕೊಟ್ಟರು: ಮನೆಯ ಬಾಗಿಲು ದಾಟುವಾಗ ಚಳಿಯಾಗಬೇಕು, ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಅಂಗಿ ಹೆಚ್ಚಾಯಿತು ಎಂದು ತಿಳಿದು ಬಿಚ್ಚಿಟ್ಟು ಹೋಗಬೇಕು. ಮೊದಲ ಹತ್ತು ನಿಮಿಷ ನಡುಗಿದವನು ಉಳಿದ ಇಪ್ಪತ್ತು ನಿಮಿಷ ಸುಖವಾಗಿರುತ್ತಾನೆ. ನಾನು ಕೇಳಿದ ಉಪದೇಶಗಳಲ್ಲಿ ಇಷ್ಟು ಕರಾರುವಾಕ್ಕಾಗಿ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಕೈ, ಕಾಲ ಬೆರಳು, ಮುಖ, ಈ ಮೂರರದು ಬೇರೆಯದೇ ಕಥೆ. ಅಲ್ಲಿ ಒಲೆಯ ಕಾವು ತಲುಪುವುದಿಲ್ಲ, ಗಾಳಿ ಮಾತ್ರ ತಲುಪುತ್ತದೆ. ಗಾಳಿ ಬೀಸದ ದಿನವೂ ಸೈಕಲ್ಲಿನವನು ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ. 2001ರಿಂದ ಅಮೆರಿಕ ಮತ್ತು ಕೆನಡಾ ಎರಡೂ ದೇಶದವರು ಬಳಸುತ್ತಿರುವ ಲೆಕ್ಕದ ಪ್ರಕಾರ, ಮೈನಸ್ 20ರ ಚಳಿಯಲ್ಲಿ ಗಂಟೆಗೆ 20 ಕಿಲೋಮೀಟರು ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು ಮೈನಸ್ 30. ಹಾಗಾಗಿ ಬೆರಳುಗಳನ್ನು ಒಂದಕ್ಕೊಂದು ಅಂಟಿಸಿಡುವ ದಪ್ಪ ಕೈಗವಸು, ನಮ್ಮಲ್ಲಿ ಮಂಕಿ ಟೋಪಿ ಎನ್ನುವಂಥ ಕುಲಾವಿ, ಕಣ್ಣಿಗೆ ಹಿಮದಲ್ಲಿ ಜಾರುವ ಆಟಗಾರರ ಕನ್ನಡಕ. ನಮ್ಮೂರಿನಲ್ಲಿ ಡಿಸೆಂಬರಿನ ಬೆಳಗಿನ ಜಾವ ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಹೋಗುವ ಹಿರಿಯರನ್ನು ನೋಡಿ ನಗುವವರುಂಟು. ಆ ಹಿರಿಯರ ವಸ್ತ್ರವಿನ್ಯಾಸ ಇಲ್ಲಿ ಸಂಪೂರ್ಣವಾಗಿ ಸಮರ್ಥಿಸಲ್ಪಟ್ಟಿದೆ ಎಂದು ತಿಳಿಸಲು ಸಂತೋಷವಾಗುತ್ತದೆ.

ಮನುಷ್ಯನಿಗಿಂತ ಹೆಚ್ಚು ನರಳುವುದು ಸೈಕಲ್ಲು. ಫ್ರೀವೀಲಿನೊಳಗಿನ ಗ್ರೀಸು ಗಟ್ಟಿಯಾಗಿ, ಪೆಡಲು ತುಳಿದರೆ ಚಕ್ರಕ್ಕೆ ಹತ್ತದೆ ಗಿರಗಿರನೆ ಸುಮ್ಮನೆ ಸುತ್ತುತ್ತದೆ. ಬ್ರೇಕಿನ ವೈರಿನೊಳಗೆ ಒಂದು ತೊಟ್ಟು ನೀರು ಹೊಕ್ಕರೆ ಅದು ಅಲ್ಲಿಯೇ ಗಡ್ಡೆ ಕಟ್ಟುತ್ತದೆ. ಬೀಗ ಬಾಯಿ ಬಿಡುವುದಿಲ್ಲ. ರಸ್ತೆಗೆ ಸುರಿಯುವ ಉಪ್ಪು ಮೈನಸ್ 10ರಿಂದ ಕೆಳಗೆ ಹಿಮವನ್ನು ಕರಗಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ಚೈನನ್ನು ತಿನ್ನುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಮಂಜುಗಡ್ಡೆಯ ಮೇಲೆ ಜಾರದಿರಲು ನೂರಾರು ಪುಟ್ಟ ಮೊಳೆಗಳನ್ನು ಕೂರಿಸಿದ ಟಯರುಗಳು ಸಿಗುತ್ತವೆ. ನಾನು ಕೊಂಡ ಜೊತೆಗೆ ನೂರೈವತ್ತು ಡಾಲರು ಬಿತ್ತು. ಈ ಬೆಲೆಯನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿ ಸುಖವನ್ನು ಹೇಳದಿದ್ದರೆ ಅನ್ಯಾಯವಾದೀತು. ಮೈನಸ್ 10ರಿಂದ ಕೆಳಗೆ ಹಿಮಕ್ಕೆ ದನಿ ಬರುತ್ತದೆ. ಟಯರಿನ ಕೆಳಗೆ ಅದು ಹೊಸ ಚಪ್ಪಲಿಯ ಹಾಗೆ ಕಿರ್ರೆನ್ನುತ್ತದೆ. ಚಳಿ ಹೆಚ್ಚಿದಷ್ಟೂ ಸ್ವರ ಏರುತ್ತದೆ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚಿದರೆ ಮೈನಸ್ 15ರ ಹತ್ತಿರ ಎಂದು ನೋಡದೆಯೇ ಹೇಳಬಹುದು. ಕೆಲವು ಬೆಳಗು ಗಾಳಿಯಲ್ಲಿ ತೇಲುವ ಹಿಮದ ಹರಳುಗಳಿಂದಾಗಿ ಸೂರ್ಯನ ಎರಡು ಮಗ್ಗುಲಲ್ಲಿ ಎರಡು ಹುಸಿಸೂರ್ಯರು ಕಾಣಿಸಿಕೊಳ್ಳುತ್ತಾರೆ. ನನ್ನ ದಾರಿಯ ಹೆಚ್ಚಿನ ಭಾಗ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ಹಾದಿ. ಸುಮಾರು ನೂರು ವರ್ಷದ ಹಿಂದೆ ರೈಲಿಗಾಗಿ ತೋಡಿದ ಆಳವಾದ ಕಾಲುವೆಯಂಥ ತಗ್ಗು ಅದು. ರೈಲು ನಿಂತು, 2000ದಿಂದ ಹಂತಹಂತವಾಗಿ ಅಲ್ಲಿ ಸೈಕಲ್ಲಿನವರಿಗೆ ದಾರಿಯಾಯಿತು. ಒಂಬತ್ತು ಕಿಲೋಮೀಟರು, ಹೆಚ್ಚಿನ ಕಡೆ ಮೇಲೆ ಸೇತುವೆಗಳು, ಗಾಳಿ ಕಡಿಮೆ, ಹಿಮ ಬಿದ್ದರೆ ನಗರದವರು ಬಂದು ತಳ್ಳುತ್ತಾರೆ. ಅಲ್ಲಿ ಸೂರ್ಯೋದಯಕ್ಕೆ ಮುಂಚೆ ಒಬ್ಬನೇ ಹೋಗುವಾಗ ಒಂದು ಬಗೆಯ ಮೌನ ಸಿಗುತ್ತದೆ. ಅದಕ್ಕೆ ನಾನು ಬೆಲೆ ಕಟ್ಟಲಾರೆ. ಧ್ಯಾನ ಗೀನ ಎಂಬ ದೊಡ್ಡ ಮಾತು ಬೇಡ. ಆದರೆ ಅರ್ಧ ಗಂಟೆ ಮನಸ್ಸು ಮೈಯನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ನಾವು ಕೆಲಸ ಮಾಡುವ ಕಟ್ಟಡದ ಹಿಂದೆ ಒಂದು ಸೈಕಲ್ ಸ್ಟ್ಯಾಂಡು ಇದೆ. ಬೇಸಿಗೆಯಲ್ಲಿ ಅಲ್ಲಿ ಜಾಗ ಸಿಗುವುದಿಲ್ಲ. ಜನವರಿಯಲ್ಲಿ ಎರಡೇ ಸೈಕಲ್ಲು: ಒಂದು ನನ್ನದು, ಇನ್ನೊಂದು ಕಟ್ಟಡದ ಉಪಾಹಾರಗೃಹದಲ್ಲಿ ಪಾತ್ರೆ ತೊಳೆಯುವ ಒಬ್ಬನದು. ಆತ ಈಕ್ವೆಡಾರ್ ದೇಶದವನು. ವಯಸ್ಸು ಸುಮಾರು ನನ್ನದೇ. ಅವನ ಸೈಕಲ್ಲು ದೊಡ್ಡ ದಿನಸಿ ಮಳಿಗೆಗಳಲ್ಲಿ ಮಾರುವ ಅಗ್ಗದ ಜಾತಿಯದು. ಟಯರಿಗೆ ಮೊಳೆಯಿಲ್ಲ, ಬದಲಿಗೆ ಗಾಳಿಯನ್ನು ಅರ್ಧಕ್ಕಿಳಿಸಿ, ಟಯರು ನೆಲಕ್ಕೆ ಹೆಚ್ಚು ಅಂಟುವಂತೆ ಮಾಡಿಕೊಂಡಿದ್ದ. ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಶೂ. ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ಹಳದಿ ರಬ್ಬರಿನ ಕೈಗವಸು. ಅದಕ್ಕೆ ಗಾಳಿ ತೂರುವುದಿಲ್ಲ. ನೋಡಲು ಕೋಡಂಗಿಯ ಹಾಗಿದ್ದರೂ, ನಾನು ಎಂಬತ್ತು ಡಾಲರು ಕೊಟ್ಟು ಕೊಂಡ ಕೈಗವಸು ಮಾಡುವ ಕೆಲಸವನ್ನೇ ಅದೂ ಮಾಡುತ್ತಿತ್ತು.

ನಾವಿಬ್ಬರೂ ಒಂದೇ ಚಳಿಯಲ್ಲಿ, ಹೆಚ್ಚುಕಡಿಮೆ ಅಷ್ಟೇ ದೂರದಿಂದ, ಒಂದೇ ಸ್ಟ್ಯಾಂಡಿಗೆ ಬರುತ್ತಿದ್ದೆವು. ಆಮೇಲೆ ನಾನು ಮುಂಬಾಗಿಲಿನಿಂದ ಲಿಫ್ಟಿಗೆ ಹೋಗುತ್ತಿದ್ದೆ, ಆತ ಅಡುಗೆಮನೆಯ ಬಾಗಿಲಿಗೆ. ಲಿಫ್ಟಿನಲ್ಲಿ ನನಗೆ ಧೈರ್ಯಶಾಲಿ ಎಂಬ ಬಿರುದು ದೊರೆಯುತ್ತಿತ್ತು. ಅವನಿಗೆ ಅಂಥದ್ದೇನಾದರೂ ಯಾರಾದರೂ ಹೇಳಿದ್ದುಂಟೆ ಎಂದು ಒಮ್ಮೆ ಕೇಳಿದೆ. "ಬೇಗ ಬಾ ಅಂತ ಹೇಳ್ತಾರೆ" ಎಂದ.

ನಗರಸಾರಿಗೆಯ ಅಧ್ಯಯನ ಮಾಡುವವರು ಇಂಥವರನ್ನು 'ಕಾಣದ ಸೈಕಲ್ಲಿನವರು' ಎಂದು ಕರೆಯುತ್ತಾರೆ. ಪಾತ್ರೆ ತೊಳೆಯುವವರು, ಕಟ್ಟಡ ಗುಡಿಸುವವರು, ರಾತ್ರಿ ಪಾಳಿಯವರು. ಸೈಕಲ್ ಸಂಘಗಳ ಸಭೆಗೆ ಅವರು ಬರುವುದಿಲ್ಲ, ಪರಿಸರದ ಮಾತು ಆಡುವುದಿಲ್ಲ, ಬಣ್ಣದ ಉಡುಪು ತೊಡುವುದಿಲ್ಲ. ಹಿಮ ತುಂಬಿದ ರಸ್ತೆಯ ಅಂಚು ಬಿಟ್ಟು ಫುಟ್‌ಪಾತಿನ ಮೇಲೆ ಹೋಗುತ್ತಾರೆ. ಹೆಸರೇನೋ ಚೆನ್ನಾಗಿದೆ. ಕಾಣದಿರುವುದು ಅವರ ಗುಣವೋ ನೋಡುವವರ ಕಣ್ಣಿನ ದೋಷವೋ ಎಂಬುದನ್ನು ಮಾತ್ರ ಆ ಹೆಸರು ಹೇಳುವುದಿಲ್ಲ.

2019ರ ಜನವರಿ 30ರಂದು ಇಡೀ ಮಧ್ಯಪಶ್ಚಿಮ ಅಮೆರಿಕವನ್ನು ಧ್ರುವದ ಚಳಿ ಹಿಡಿದಿತ್ತು. ಮಿನಿಯಾಪೊಲಿಸ್‌ನಲ್ಲಿ ಅಂದಿನ ಕನಿಷ್ಠ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್. ಗಾಳಿ ಸೇರಿ ಮೈಗೆ ತಟ್ಟಿದ್ದು ಅದಕ್ಕಿಂತ ಎಷ್ಟೋ ಕೆಳಗೆ. ಶಾಲೆಗಳು ಮುಚ್ಚಿದವು. ಮಳೆ ಹಿಮ ಬಿಸಿಲು ಯಾವುದಕ್ಕೂ ಜಗ್ಗದವರೆಂದು ಹೆಸರಾದ ಅಂಚೆಯವರು ಕೂಡ ಅಂದು ಮಿನೆಸೋಟ ರಾಜ್ಯದಲ್ಲಿ ಬಟವಾಡೆ ನಿಲ್ಲಿಸಿದರು. ನಮಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದು ಸಂದೇಶ ಬಂತು. ನಾನು ಕಿಟಕಿಯ ಪಕ್ಕ ಕೂತು ಕಾಫಿ ಕುಡಿಯುತ್ತ ಕೆಲಸ ಮಾಡಿದೆ. ನಮ್ಮ ಕಟ್ಟಡದ ಉಪಾಹಾರಗೃಹವೂ ಮುಚ್ಚಿತ್ತು. ಆದರೆ ನನ್ನ ಗೆಳೆಯನಿಗೆ ಸಂಜೆ ಇನ್ನೊಂದು ಕಡೆ, ಒಂದು ಹೋಟೆಲಿನಲ್ಲಿ, ಎರಡನೆಯ ಕೆಲಸವಿತ್ತು. ಅದು ಮುಚ್ಚಿರಲಿಲ್ಲ. ಹೋಗುವಾಗ ಬಸ್ಸು ಸಿಕ್ಕೀತು, ಬರುವಾಗ ನಡುರಾತ್ರಿ ದಾಟಿರುತ್ತದೆ, ಆ ದಾರಿಯಲ್ಲಿ ಆಗ ಬಸ್ಸಿಲ್ಲ. ಆದ್ದರಿಂದ ಎರಡು ಕಡೆಯೂ ಸೈಕಲ್ಲು. ಇದನ್ನು ಆತ ತಾನಾಗಿ ಹೇಳಲಿಲ್ಲ. ವಾರದ ಮೇಲೆ ಅವನ ಕಿವಿಯ ತುದಿ ಕಪ್ಪಾಗಿದ್ದದ್ದು ಕಂಡು ನಾನು ಕೇಳಿದ್ದಕ್ಕೆ ಹೇಳಿದ.

ಅಂದರೆ, ನನ್ನ ತಾಯಿಯ ಪ್ರಶ್ನೆಗೆ ನಮ್ಮಿಬ್ಬರದೂ ಬೇರೆ ಬೇರೆ ಉತ್ತರ. ನನಗೆ ಬಸ್ಸಿದೆ. ಬಸ್ಸಿನ ಕಾರ್ಡು ಸದಾ ನನ್ನ ಜೇಬಿನಲ್ಲಿರುತ್ತದೆ. ನಾನು ಅದನ್ನು ಬಳಸುವುದು ತಿಂಗಳಿಗೆ ಒಮ್ಮೆಯೋ ಎರಡು ಸಲವೋ. ಆದರೆ ಆ ಕಾರ್ಡು ಜೇಬಿನಲ್ಲಿದ್ದ ಮಾತ್ರಕ್ಕೆ ಚಳಿಯ ಸ್ವರೂಪವೇ ಬದಲಾಗುತ್ತದೆ. ನನಗೆ ಅದು ನಾನು ಆಡುತ್ತಿರುವ ಆಟ, ಬೇಡವಾದಾಗ ನಿಲ್ಲಿಸಬಹುದಾದ ಆಟ. ಅದೇ ಮೈನಸ್ 20 ಅವನಿಗೆ ಬಾಡಿಗೆ, ಊರಿಗೆ ಕಳಿಸುವ ಹಣ, ಮೇಲ್ವಿಚಾರಕನ ಮುಖ. ಥರ್ಮಾಮೀಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕಷ್ಟಸಹಿಷ್ಣುತೆಗೆ ನಮ್ಮ ಪರಂಪರೆಯಲ್ಲಿ ಒಂದು ಸೊಗಸಾದ ಹೆಸರಿದೆ: ತಿತಿಕ್ಷೆ. ವೇದಾಂತಿಗಳು ಸಾಧಕನಿಗೆ ಬೇಕೆಂದು ಹೇಳುವ ಶಮ, ದಮ ಮೊದಲಾದ ಆರು ಸಂಪತ್ತುಗಳಲ್ಲಿ ಅದೂ ಒಂದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಶೀತೋಷ್ಣಗಳ ಮಾತೆತ್ತಿಯೇ ಅದನ್ನು ಬೋಧಿಸುತ್ತಾನೆ: ಚಳಿ, ಸೆಕೆ ಬರುತ್ತವೆ, ಹೋಗುತ್ತವೆ, ತಾಳಿಕೋ ಎಂದು. ಶಂಕರರ ಹೆಸರಿನಲ್ಲಿ ಪ್ರಸಿದ್ಧವಾದ ವಿವೇಕಚೂಡಾಮಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದುಃಖಗಳನ್ನು ಸಹಿಸುವುದಷ್ಟೇ ಅಲ್ಲ. ಪ್ರತೀಕಾರಕ್ಕೆ ತೊಡಗದೆ, ಚಿಂತೆಯಿಲ್ಲದೆ, ಗೋಳಾಟವಿಲ್ಲದೆ ಸಹಿಸುವುದು ತಿತಿಕ್ಷೆ ಎಂದು ಅದರ ಅಭಿಪ್ರಾಯ. ಪ್ರತೀಕಾರ ಎಂದರೆ ಇಲ್ಲಿ ಸೇಡಲ್ಲ, ಪರಿಹಾರ, ಉಪಾಯ. ಚಳಿಯಾದರೆ ಕಂಬಳಿ ಹುಡುಕದಿರುವುದು.

ಚಿಕ್ಕಂದಿನಲ್ಲಿ ಅಜ್ಜನ ಬಾಯಲ್ಲಿ ಈ ಮಾತು ಕೇಳಿದಾಗ ನನಗೆ ಬಹಳ ಹಿಡಿಸಿತ್ತು. ಈಗಲೂ ಹಿಡಿಸುತ್ತದೆ. ಗ್ರೀನ್‌ವೇಯ ಮುಂಜಾವದ ಮೊದಲ ಹತ್ತು ನಿಮಿಷ ನಡುಗುವಾಗ ನನ್ನ ಪಾಲಿಗೆ ಸಿಕ್ಕಿದಷ್ಟು ತಿತಿಕ್ಷೆಯನ್ನು ಅನುಭವಿಸುತ್ತೇನೆ. ಆದರೆ ನನ್ನ ಗೆಳೆಯನ ಕಪ್ಪಾದ ಕಿವಿಯ ಮುಂದೆ ನಿಂತು ಈ ಶಬ್ದ ಹೇಳಲು ನಾಲಗೆ ಏಳುವುದಿಲ್ಲ. ಸಾಧಕನ ತಿತಿಕ್ಷೆ ಅವನು ತಾನೇ ಆರಿಸಿಕೊಂಡದ್ದು. ಉಪಾಯವಿದ್ದೂ ಅವನು ಬಿಟ್ಟಿದ್ದಾನೆ. ಉಪಾಯವೇ ಇಲ್ಲದವನ ಸಹನೆಗೂ ಅದೇ ಹೆಸರಿಟ್ಟು ಕೈಮುಗಿದರೆ, ಆ ಕೈಮುಗಿತದಲ್ಲಿ ಏನೋ ಮೋಸವಿದೆ. ನಮ್ಮಲ್ಲೂ ಮನೆಯ ಹೆಣ್ಣುಮಕ್ಕಳನ್ನು ಸಹನೆಯಲ್ಲಿ ಭೂಮಿತಾಯಿ ಎಂದು ಹೊಗಳುತ್ತ ಎರಡು ಮೈಲಿಯಿಂದ ನೀರು ಹೊರಿಸಿದ್ದೇವೆ. ಹೊಗಳಿಕೆಗೆ ಕೊಳಾಯಿಗಿಂತ ಖರ್ಚು ಕಡಿಮೆ.

ಹಾಗೆಂದು ನಾನು ಇಷ್ಟಪಟ್ಟು ಪಡುವ ಕಷ್ಟ ಬರೀ ನಾಟಕ, ಅವನದು ಮಾತ್ರ ನಿಜ ಎಂದು ಹೇಳಿ ಮುಗಿಸುವುದು ಕೂಡ ಸುಲಭದ ದಾರಿ. ಮೈನಸ್ 20ರಲ್ಲಿ ನನ್ನ ಬೆರಳೂ ಮರಗಟ್ಟುತ್ತದೆ. ಹೀಗೆ ಜನರನ್ನು ಎರಡು ಗುಂಪು ಮಾಡುವುದಕ್ಕಿಂತ ಕಷ್ಟವನ್ನೇ ಎರಡು ಭಾಗ ಮಾಡುವುದು ಒಳ್ಳೆಯದು ಎಂದು ನನಗೆ ತೋರುತ್ತದೆ.

ನನ್ನ ಏಳು ಕಿಲೋಮೀಟರಿನಲ್ಲಿ ಗ್ರೀನ್‌ವೇ ಮುಗಿದ ಮೇಲೆ ಒಂದೂವರೆ ಕಿಲೋಮೀಟರು ಸಾಮಾನ್ಯ ರಸ್ತೆ. ಹಿಮ ಬಿದ್ದ ಮರುದಿನ ಅಲ್ಲಿ ಏನಾಗುತ್ತದೆ ಎಂದು ಕೇಳಿ. ರಾತ್ರಿ ನಗರದ ಲಾರಿಗಳು ಬಂದು ಕಾರುಗಳ ದಾರಿಯ ಹಿಮವನ್ನು ಪಕ್ಕಕ್ಕೆ ತಳ್ಳುತ್ತವೆ. ಪಕ್ಕ ಎಂದರೆ ಎಲ್ಲಿ? ಸೈಕಲ್ಲಿಗೆಂದು ಗೆರೆ ಎಳೆದ ಪಟ್ಟಿಯ ಮೇಲೆ. ಅಲ್ಲಿ ಹೊಲದ ಬದುವಿನ ಹಾಗೆ ಮೊಣಕಾಲುದ್ದದ ಹಿಮದ ಬದು ಬೆಳೆದು, ಹಗಲು ಸ್ವಲ್ಪ ಕರಗಿ, ರಾತ್ರಿ ಕಲ್ಲಾಗುತ್ತದೆ. ಫುಟ್‌ಪಾತಿನದು ಬೇರೆ ಕಾನೂನು. ಮಿನಿಯಾಪೊಲಿಸ್‌ನಲ್ಲಿ ರಸ್ತೆಯ ಹಿಮ ನಗರದ ಜವಾಬ್ದಾರಿ, ಫುಟ್‌ಪಾತಿನ ಹಿಮ ಆಯಾ ಮನೆಯವರ ಜವಾಬ್ದಾರಿ. ಹಿಮ ನಿಂತ 24 ಗಂಟೆಯೊಳಗೆ ಅವರು ಸಲಿಕೆ ಹಿಡಿಯಬೇಕು. ಒಬ್ಬರು ಎತ್ತುತ್ತಾರೆ, ಪಕ್ಕದವರು ಊರಿನಲ್ಲಿಲ್ಲ, ಅವರಾಚೆಯವರಿಗೆ ಬೆನ್ನುನೋವು. ನಡೆಯುವವರು, ಗಾಲಿಕುರ್ಚಿಯವರು, ನನ್ನ ಗೆಳೆಯನಂಥವರು ಹೋಗುವುದು ಈ ಹರಕುಮುರುಕು ದಾರಿಯಲ್ಲಿ.

ಈಗ ಎರಡು ಭಾಗ ಸ್ಪಷ್ಟವಾಗುತ್ತದೆ. ಮೈನಸ್ 20 ಎಂಬುದು ಪ್ರಕೃತಿಯದು. ಅದನ್ನು ಯಾವ ಲಾರಿಯೂ ತಳ್ಳಲಾರದು. ಅದರ ಮುಂದೆ ಉಣ್ಣೆ ಮತ್ತು ತಿತಿಕ್ಷೆ ಎರಡೇ ಉಪಾಯ. ಆದರೆ ಆ ಹಿಮದ ಬದು ಪ್ರಕೃತಿಯದಲ್ಲ. ಅದನ್ನು ಅಲ್ಲಿ ಇಟ್ಟವರು ಮನುಷ್ಯರು, ಯಾರ ದಾರಿ ಮೊದಲು ಎಂದು ಲೆಕ್ಕ ಹಾಕಿ ಇಟ್ಟವರು. ಅದರ ಮೇಲೆ ಏರಿ ಇಳಿಯುವಾಗ ನಾನು ತೋರುವ ಸಾಹಸಕ್ಕೆ ಚಪ್ಪಾಳೆ ತಟ್ಟುವವರು ಸಲಿಕೆ ತಂದಿದ್ದರೆ ಸಾಹಸವೇ ಬೇಕಿರಲಿಲ್ಲ. ಕೃಷ್ಣ ತಾಳಿಕೋ ಎಂದದ್ದು ಶೀತೋಷ್ಣಗಳನ್ನು, ಲಾರಿ ತಂದು ಸುರಿದದ್ದನ್ನಲ್ಲ. ವ್ಯಾಖ್ಯಾನಕಾರರು ನನ್ನನ್ನು ಕ್ಷಮಿಸಬೇಕು.

ಇದು ಬರೀ ತರ್ಕವಲ್ಲ, ಸಾಕ್ಷಿಯಿದೆ. ಫಿನ್ಲೆಂಡಿನ ಉತ್ತರದಲ್ಲಿ ಔಲು ಎಂಬ ಊರಿದೆ. ಎರಡು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಜನ; ಆರ್ಕ್ಟಿಕ್ ವೃತ್ತಕ್ಕೆ ಇನ್ನೂರು ಕಿಲೋಮೀಟರು ಕೂಡ ಇಲ್ಲ; ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು ಮೂರೂವರೆ ಗಂಟೆ. ಅದರ ಜನವರಿಯ ಸರಾಸರಿ ಮಿನಿಯಾಪೊಲಿಸ್‌ನಷ್ಟೇ, ಮೈನಸ್ 9ರ ಆಸುಪಾಸು. ಚಳಿ ಅಷ್ಟೇ, ಕತ್ತಲು ಹೆಚ್ಚು. ಆದರೂ ಅಲ್ಲಿ ಚಳಿಗಾಲವಿಡೀ ಮುದುಕಿಯರು ಸಾಮಾನು ತರಲು ಸೈಕಲ್ಲಿನಲ್ಲಿ ಹೋಗುತ್ತಾರೆ. ಅಲ್ಲಿಯ ಒಂದು ಶಾಲೆಯ ಮುಂದೆ ಮೈನಸ್ 17ರ ದಿನ ಮಕ್ಕಳ ನೂರಾರು ಸೈಕಲ್ಲು ಸಾಲಾಗಿ ನಿಂತ ಚಿತ್ರ ಜಗತ್ತನ್ನೆಲ್ಲ ಸುತ್ತಿ ಬಂತು. ಆ ಮಕ್ಕಳೆಲ್ಲ ವೀರಾಧಿವೀರರೆಂದು ತಿಳಿಯಬೇಕಾಗಿಲ್ಲ. ಊರ ತುಂಬ ಕಾರುಗಳಿಂದ ಪ್ರತ್ಯೇಕವಾದ ಸೈಕಲ್ ದಾರಿಗಳಿವೆ. ದೊಡ್ಡ ರಸ್ತೆಗಳನ್ನು ಕೆಳಗಿನಿಂದ ದಾಟಲು ಸುರಂಗಗಳಿವೆ. ಜನ ಕೆಲಸಕ್ಕೆ ಹೊರಡುವ ಮೊದಲೇ ಮುಖ್ಯ ದಾರಿಗಳನ್ನು ಹಸನು ಮಾಡುತ್ತಾರೆ. ಹಸನು ಎಂದರೆ ಉಪ್ಪು ಸುರಿದು ರಾಡಿ ಎಬ್ಬಿಸುವುದಲ್ಲ. ಹಿಮವನ್ನು ಒತ್ತಿ ಗಟ್ಟಿ ಮಾಡಿ, ಮೇಲೆ ಗೀರು ಎಳೆದು, ಸಣ್ಣ ಜಲ್ಲಿ ಉದುರಿಸುತ್ತಾರೆ. ಚಳಿ ಸಾಕಷ್ಟು ಇದ್ದರೆ ಅದು ಸಗಣಿ ಸಾರಿಸಿದ ಕಣದಷ್ಟು ಗಟ್ಟಿ ನೆಲ. ಚಳಿಗಾಲದ ಸೈಕಲ್ ಸವಾರಿಯ ಬಗೆಗಿನ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ನಡೆದದ್ದು ಆ ಊರಿನಲ್ಲೇ, 2013ರಲ್ಲಿ. 2016ರಲ್ಲಿ ಅದು ಮಿನಿಯಾಪೊಲಿಸ್‌ಗೂ ಬಂದಿತ್ತು. ಸಮ್ಮೇಳನ ಬಂದು ಹೋಯಿತು. ಬದುಗಳು ನಮ್ಮ ರಸ್ತೆಯಲ್ಲಿ ಇನ್ನೂ ಬೆಳೆಯುತ್ತವೆ.

ಒಂದು ಆಕ್ಷೇಪವನ್ನು ಎತ್ತಲೇಬೇಕು. ದಾರಿಯನ್ನು ಇಷ್ಟು ಹಸನು ಮಾಡಿಬಿಟ್ಟರೆ ಧೈರ್ಯ, ಸಹನೆ ಎಂಬ ಗುಣಗಳಿಗೆ ಕೆಲಸವೇ ಇಲ್ಲದೆ ಮನುಷ್ಯ ಮೆತ್ತಗಾಗುವುದಿಲ್ಲವೆ? ನನ್ನ ಸೈಕಲ್ ಗೆಳೆಯರಲ್ಲಿಯೇ ಈ ಅಳುಕು ಇದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರೂ ಚಳಿಯಲ್ಲಿ ಸೈಕಲ್ಲು ತುಳಿಯತೊಡಗಿದರೆ ತಮ್ಮ ಗಡ್ಡದ ಮಂಜುಗಡ್ಡೆಗೆ ಬೆಲೆ ಇಳಿಯುತ್ತದೆ ಎಂಬುದು ಅವರಿಗೂ ಗೊತ್ತು. ನಾನು ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಮೆಚ್ಚಿಕೆಯ ಬಿಸಿ ಉಣ್ಣೆಯ ಬಿಸಿಗಿಂತ ಕಡಿಮೆಯದಲ್ಲ. ಆದರೆ ಔಲುವಿನ ಮಗುವಿಗೂ ಮೈನಸ್ 17 ಇದ್ದೇ ಇದೆ. ಅದರ ಕೆನ್ನೆಯೂ ಉರಿಯುತ್ತದೆ, ಮೊದಲ ಹತ್ತು ನಿಮಿಷ ಅದೂ ನಡುಗುತ್ತದೆ. ಮನುಷ್ಯ ಗಟ್ಟಿಯಾಗಲು ಬೇಕಾದಷ್ಟನ್ನು ಪ್ರಕೃತಿ ಯಾವ ಜಿಪುಣತನವೂ ಇಲ್ಲದೆ ಕೊಟ್ಟಿದೆ. ಅದರ ಮೇಲೆ ಪುರಸಭೆಯವರು ತಮ್ಮ ಪಾಲು ಸೇರಿಸುವ ಅಗತ್ಯವಿಲ್ಲ.

ಗೆರೆ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಾಗಿರುತ್ತದೆಂದು ಹೇಳಲಾರೆ. ನನ್ನ ಗೆಳೆಯನಿಗೆ ನೂರೈವತ್ತು ಡಾಲರಿನ ಟಯರು ದಕ್ಕದಿದ್ದದ್ದು ಪ್ರಕೃತಿಯೇ, ಮನುಷ್ಯರ ಲೆಕ್ಕವೇ? ನಡುರಾತ್ರಿ ಬಸ್ಸಿಲ್ಲದಿದ್ದದ್ದು? ಆತ ಕಾರು ಕೊಳ್ಳದೆ ಇದ್ದದ್ದಕ್ಕೆ ಕಾರಣ ಹಣವೊಂದೇ ಅಲ್ಲ, ಕಾಗದಪತ್ರ. ವಲಸೆಯ ದಾಖಲೆ ಇಲ್ಲದವರಿಗೆ ಆ ರಾಜ್ಯದಲ್ಲಿ ಡ್ರೈವಿಂಗ್ ಲೈಸೆನ್ಸು ಸಿಗುತ್ತಿರಲಿಲ್ಲ. 2023ರಲ್ಲಿ ಶಾಸನಸಭೆ ಕಾನೂನು ತಿದ್ದಿತು. ಅದೇ ವರ್ಷ ಅಕ್ಟೋಬರ್ 1ರಿಂದ ವಲಸೆಯ ಸ್ಥಿತಿ ಏನೇ ಇರಲಿ, ಪರೀಕ್ಷೆ ಪಾಸಾದವರು ಲೈಸೆನ್ಸು ಪಡೆಯಬಹುದು ಎಂದಾಯಿತು. ಅವನು ಮರುವರ್ಷ ಪರೀಕ್ಷೆ ಕೊಟ್ಟು ಪಾಸಾದ. ಹದಿನೈದು ವರ್ಷ ಹಳೆಯದೊಂದು ಕಾರು ಕೊಂಡ. ಸ್ಟ್ಯಾಂಡಿನಲ್ಲಿ ನನ್ನ ಸೈಕಲ್ಲು ಒಂಟಿಯಾಯಿತು.

ಸೈಕಲ್ಲೇ ಲೋಕಕ್ಕೆ ಒಳ್ಳೆಯದು, ಕಾರು ಕಡಿಮೆಯಾಗಬೇಕು ಎಂದು ನಂಬಿದವನು ನಾನು. ಆ ನಂಬಿಕೆ ಈಗಲೂ ಇದೆ. ಆದರೆ ಆ ಕಾರಿನ ಬಿಸಿಗಾಳಿಯ ಬಾಯಿಗೆ ಎರಡೂ ಅಂಗೈ ಒಡ್ಡಿ ಕೂತ ಅವನ ಮುಖ ನೋಡಿ ನನಗಾದದ್ದು ಸಂತೋಷ. ಇದರಲ್ಲಿ ನನಗೆ ಸಂಶಯವಿಲ್ಲ. ಈ ಎರಡನ್ನೂ ಒಂದು ವಾಕ್ಯದಲ್ಲಿ ಹೇಗೆ ಕೂಡಿಸಬೇಕೆಂದು ಅಷ್ಟಾಗಿ ತೊಳಲಾಡಲೂ ಇಲ್ಲ.

2025ರ ಜನವರಿಯಲ್ಲಿ ಒಂದು ಭಾನುವಾರ ಆತ ಫೋನು ಮಾಡಿ ಕರೆದ. ಅವನ ಹೆಂಡತಿಯ ತಮ್ಮ, ಇಪ್ಪತ್ತರ ಹುಡುಗ, ಊರಿನಿಂದ ಬಂದಿದ್ದ. ಹಳೆಯ ಸೈಕಲ್ಲು ಈಗ ಅವನದು. ಮರುದಿನದಿಂದ ಬೆಳಿಗ್ಗೆ ಐದಕ್ಕೆ ಒಂದು ಬೇಕರಿಯಲ್ಲಿ ಕೆಲಸ. ಅಷ್ಟು ಹೊತ್ತಿಗೆ ಭಾವನಿಗೆ ಇನ್ನೊಂದು ಕಡೆ ಪಾಳಿ. "ನಿನ್ನ ಚಳಿಯ ಪಾಠ ಅವನಿಗೂ ಒಂದಿಷ್ಟು ಹೇಳು" ಎಂದ. ನಾನು ನನ್ನ ಹಳೆಯ ಮೊಳೆ ಟಯರುಗಳನ್ನು ತೆಗೆದುಕೊಂಡು ಹೋದೆ. ಮೊಳೆಗಳಲ್ಲಿ ಮೂರನೆಯ ಒಂದು ಪಾಲು ಉದುರಿದ್ದವು, ಆದರೂ ಒಂದು ಚಳಿಗಾಲಕ್ಕೆ ಅಡ್ಡಿಯಿಲ್ಲ. ಇಬ್ಬರೂ ಸೇರಿ ಟಯರು ಕೂರಿಸಿದೆವು. ಹುಡುಗ ಒಂದು ಸುತ್ತು ಹೋಗಿ ಬರಲು ತಯಾರಾಗಿ ಬಂದ: ಮೂರು ಸ್ವೆಟರು, ಅದರ ಮೇಲೆ ಎರಡು ಜಾಕೆಟ್ಟು, ಕುತ್ತಿಗೆಗೆ ಅಕ್ಕನ ಶಾಲು. ಬೆಚ್ಚಗಿದೆಯೇ ಎಂದು ಕೇಳಿದೆ. ಬಹಳ ಬೆಚ್ಚಗಿದೆ ಎಂದು ಖುಷಿಯಿಂದ ತಲೆಯಾಡಿಸಿದ. ಹಾಗಿದ್ದರೆ ಒಂದು ಸ್ವೆಟರು ಬಿಚ್ಚು ಎಂದೆ. ಅವನಿಗೆ ಇಂಗ್ಲಿಷು ಅಷ್ಟಾಗಿ ಬಾರದು. ಬಂದಿದ್ದರೂ ಈ ಮಾತು ಅರ್ಥವಾಗುತ್ತಿತ್ತೆಂದು ಹೇಳಲಾರೆ. ನನ್ನನ್ನೇ ದಿಟ್ಟಿಸಿ ನೋಡಿ, ಆಮೇಲೆ ಭಾವನ ಕಡೆ ತಿರುಗಿದ. ಭಾವ ಕಾರಿನೊಳಗೆ ಕೂತಿದ್ದ. ಕಿಟಕಿಯ ಗಾಜು ಇಳಿಸಿ, ನಗುತ್ತ, ಸ್ಪ್ಯಾನಿಷಿನಲ್ಲಿ ಏನೋ ಉದ್ದವಾಗಿ ಹೇಳಿದ. ಹುಡುಗ ಒಲ್ಲದ ಮನಸ್ಸಿನಿಂದ ಒಂದು ಸ್ವೆಟರು ಬಿಚ್ಚಿ ಕಾರಿನೊಳಕ್ಕೆ ಎಸೆದ. ಕೈಗವಸನ್ನು ಮಾತ್ರ ಇನ್ನೂ ಬಿಗಿಯಾಗಿ ಎಳೆದುಕೊಂಡ. ಉಣ್ಣೆಯದರ ಮೇಲೆ ಹಳದಿ ರಬ್ಬರಿನದು.